ಪೂಜೆ ಮುಗಿದ ಮೇಲೆ ಪೌರಕರ್ತವ್ಯ

ಮೈಸೂರು ರಸ್ತೆಗೆ ಹೊಂದಿಕೊಂಡ ಬ್ರಿಯಾಂಡ್ ಸ್ಕ್ವೇರಿನಲ್ಲಿ ಸಂತ ಜೋಸೆಫರ ದೇವಾಲಯವಿದೆ. ಅದೇ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ಈದ್ಗಾ ಮೈದಾನ, ಹತ್ತಾರು ಗುಡಿಗಳು. 1892ರಲ್ಲಿ ಹುಟ್ಟಿದ ಈ ಬಡಾವಣೆಯಲ್ಲಿ ಎಲ್ಲ ಮತದವರೂ ನೆರೆಹೊರೆಯವರು. ಭಾನುವಾರ ಬಲಿಪೂಜೆ ಮುಗಿಸಿ ಬರುವ ಕಥೋಲಿಕ ಕುಟುಂಬಕ್ಕೂ, ದೇವಸ್ಥಾನ-ಮಸೀದಿಗಳಿಂದ ಬರುವವರಿಗೂ ಎದುರಾಗುವುದು ಅದೇ ರಸ್ತೆಗುಂಡಿ, ಅದೇ ಕಸದ ರಾಶಿ. ಹೀಗಿದ್ದೂ, "ರಾಜಕೀಯ ನಮಗೇಕೆ? ನಾವು ಎಷ್ಟು ಜನ ಮಹಾ? ನಮ್ಮ ಚರ್ಚು, ನಮ್ಮ ಶಾಲೆ ನೋಡಿಕೊಂಡರೆ ಸಾಕು" ಎಂಬ ಮಾತು ಎಷ್ಟೋ ಮನೆಗಳಲ್ಲಿ ಮಕ್ಕಳ ಕಿವಿಗೆ ಬೀಳುತ್ತದೆ.

ಇದು ಧರ್ಮಸಭೆಯ ಬೋಧನೆಯಂತೂ ಅಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಪ್ರಕಟಿಸಿದ 'ಗೌದಿಯುಮ್ ಎತ್ ಸ್ಪೆಸ್' ಎಂಬ ಪ್ರಬಂಧದಲ್ಲಿ, ಮತದಾನ ಪ್ರಜೆಯ ಹಕ್ಕು ಮಾತ್ರವಲ್ಲ, ಸರ್ವರ ಹಿತಕ್ಕಾಗಿ ಮಾಡಬೇಕಾದ ಕರ್ತವ್ಯವೂ ಹೌದು ಎಂಬ ನಿಲುವಿದೆ. 1992ರಲ್ಲಿ ಹೊರಬಂದ ಧರ್ಮೋಪದೇಶ ಗ್ರಂಥವು ತೆರಿಗೆ ಕಟ್ಟುವುದನ್ನೂ ಮತ ಹಾಕುವುದನ್ನೂ ನೈತಿಕ ಹೊಣೆ ಎಂದೇ ಪರಿಗಣಿಸಿದೆ. ಈ ವಿಷಯ ಆ ಗ್ರಂಥದಲ್ಲಿ ಬರುವ ಜಾಗವೂ ಗಮನಾರ್ಹ. ತಂದೆ-ತಾಯಿಯರನ್ನು ಗೌರವಿಸಬೇಕೆಂಬ ದೇವರಾಜ್ಞೆಯ ವಿವರಣೆಯಲ್ಲೇ ಅದನ್ನು ಸೇರಿಸಲಾಗಿದೆ. ಮನೆಯ ಹಿರಿಯರಿಗೆ ಸಲ್ಲಿಸುವ ಋಣದಂತೆಯೇ ಊರಿಗೆ ಸಲ್ಲಿಸುವ ಋಣವೂ ಒಂದುಂಟು ಎಂದಾಯಿತು.

ಹಾಗಾದರೆ ಯಾರಿಗೆ ಮತ ಹಾಕಬೇಕೆಂದು ಗುರುಗಳೇ ಹೇಳಿಬಿಡಬಹುದಲ್ಲ? ಹೇಳುವಂತಿಲ್ಲ. 1983ರ ಧರ್ಮಸಭಾ ಸಂಹಿತೆಯ ಪ್ರಕಾರ ಗುರುಗಳು ಅಧಿಕಾರದ ಪದವಿಗಳನ್ನು ಹಿಡಿಯಬಾರದು. ಈ ಸಂಹಿತೆ ಬರುವ ಮುನ್ನವೇ, ಅಮೆರಿಕದ ಸಂಸತ್ತಿನಲ್ಲಿ ಹತ್ತು ವರ್ಷ ಕುಳಿತಿದ್ದ ಏಸುಸಭೆಯ ಗುರು ರಾಬರ್ಟ್ ಡ್ರೈನಾನ್, ಪೋಪ್ ಎರಡನೆಯ ಜಾನ್ ಪಾಲರ ಅಪ್ಪಣೆಗೆ ತಲೆಬಾಗಿ 1980ರ ಚುನಾವಣೆಯಿಂದ ದೂರ ಉಳಿದರು. ನಮ್ಮ ದೇಶದ ಕಾನೂನೂ ಬಿಗಿಯಾಗಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟಾಚಾರ. ರಾಜಕೀಯ ಚಟುವಟಿಕೆಗೆ ಪೂಜಾಸ್ಥಳವನ್ನು ಬಳಸುವುದಕ್ಕೆ 1988ರ ಇನ್ನೊಂದು ಕಾಯಿದೆಯ ತಡೆಯಿದೆ. ಆದ್ದರಿಂದ ಪ್ರಬೋಧನೆಯಲ್ಲಿ "ತಪ್ಪದೆ ಮತ ಹಾಕಿ" ಎನ್ನಬಹುದು, ಅಷ್ಟೇ. ಉಳಿದ ಹೊಣೆಯೆಲ್ಲ ಶ್ರೀಸಾಮಾನ್ಯರದು.

ಆ ಹೊಣೆ ಹೊತ್ತವರಿಲ್ಲವೆಂದಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1946ರಲ್ಲಿ ಗುರುವಾಗಲೆಂದು ಬೆಂಗಳೂರಿನ ಸಂತ ಪೇತ್ರರ ಗುರುಮಠ ಸೇರಿದವರು. ದೀಕ್ಷೆ ಪಡೆಯದೆ ಹೊರಬಂದು ಬೊಂಬಾಯಿಯ ಕಾರ್ಮಿಕರನ್ನು ಸಂಘಟಿಸಿದರು. 1967ರಲ್ಲಿ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದರು. ಮುಂದೆ ರೈಲ್ವೆ ಸಚಿವರೂ ರಕ್ಷಣಾ ಸಚಿವರೂ ಆದರು. ಅವರ ರಾಜಕೀಯವನ್ನು ಒಪ್ಪದವರೂ ಇದ್ದಾರೆ. ಆದರೆ ಎಲ್ಲ ಧರ್ಮದವರ ಮತ ಪಡೆದೇ ಅವರು ಗೆದ್ದರೆಂಬುದನ್ನು ಅಲ್ಲಗಳೆಯಲಾಗದು.

ಎಲ್ಲರೂ ಸಚಿವರಾಗಬೇಕಿಲ್ಲ. ಮೊದಲ ಹೆಜ್ಜೆ ಮತದಾರರ ಪಟ್ಟಿಯನ್ನು ನೋಡುವುದು. 2022ರ ನವೆಂಬರಿನಲ್ಲಿ ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹಣೆಯಲ್ಲಿ ಅಕ್ರಮದ ದೂರು ಎದ್ದಾಗ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ ಮತ್ತು ಕೈಬಿಟ್ಟ ಹೆಸರುಗಳನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಬೇಕಾಯಿತು. ಚಿಕ್ಕಪೇಟೆ ಕ್ಷೇತ್ರವೆಂದರೆ ಚಾಮರಾಜಪೇಟೆಯ ಮಗ್ಗುಲಿನದೇ. ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತ ಮೇಲೆ ಹೆಸರಿಲ್ಲವೆಂದು ತಿಳಿದರೆ ಆ ದಿನ ಮಾಡಬಹುದಾದದ್ದು ಏನೂ ಇಲ್ಲ.

ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. 17 ದಾಟಿದವರು ಮುಂಗಡವಾಗಿಯೇ ನಮೂನೆ 6ನ್ನು ತುಂಬಿ ಕೊಡಬಹುದು. ಬಾಡಿಗೆ ಮನೆ ಬದಲಿಸಿದವರಿಗೆ ನಮೂನೆ 8 ಇದೆ.

ಎರಡನೆಯ ಹೆಜ್ಜೆ ವಾರ್ಡಿನದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ವಿಧಿಸಿತು. ಆದರೆ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ಐದು ವರ್ಷ ಕಳೆದರೂ ಹೊಸ ಚುನಾವಣೆ ನಡೆಯಲಿಲ್ಲ. ಜನಪ್ರತಿನಿಧಿ ಇಲ್ಲದ ಇಂಥ ಕಾಲದಲ್ಲಿ ಬೀದಿಯವರೇ ಒಟ್ಟಾಗಿ ಅಧಿಕಾರಿಗಳ ಮುಂದೆ ನಿಲ್ಲಬೇಕಾಗುತ್ತದೆ. ಆ ಗುಂಪಿನಲ್ಲಿ ಚರ್ಚಿಗೆ ಹೋಗುವವರೂ ಇರಬೇಡವೇ?

ಪೋಷಕರು ಇದನ್ನು ಮಕ್ಕಳಿಗೆ ಉಪದೇಶಿಸುವುದಕ್ಕಿಂತ ಮಾಡಿ ತೋರಿಸುವುದು ಮೇಲು. ಬೀದಿದೀಪ ಕೆಟ್ಟರೆ ಪಕ್ಕದ ಮನೆಯವರ ಸಹಿಯನ್ನೂ ಹಾಕಿಸಿ ಅರ್ಜಿ ಕೊಡಲಿ. ಆ ಅರ್ಜಿಯನ್ನು ಮಗನೋ ಮಗಳೋ ತಪ್ಪಿಲ್ಲದ ಕನ್ನಡದಲ್ಲಿ ಬರೆಯಲಿ. ಕಚೇರಿಗೆ ಹೋಗುವಾಗ ಮಕ್ಕಳನ್ನೂ ಜೊತೆಗೆ ಕರೆದೊಯ್ಯಲಿ. ಬರುವ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದವರು, ಊಟಕ್ಕೆ ಕೂರುವ ಮುನ್ನ ಆಯೋಗದ ಜಾಲತಾಣ ತೆರೆದು ಮನೆಮಂದಿಯ ಹೆಸರೆಲ್ಲ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡರೆ ಒಳ್ಳೆಯ ಆರಂಭವಾಗುತ್ತದೆ.