ಪ್ರಯಾಣದ ಫಲ ಯಾರಿಗೆ?

ಕಚೇರಿಯ ಕೆಲಸಕ್ಕಾಗಿ ಪರವೂರಿಗೆ ಹೋಗುವ ನೌಕರನ ಪ್ರಯಾಣದ ವೆಚ್ಚವನ್ನು ಅವನನ್ನು ಕಳುಹಿಸಿದ ಸಂಸ್ಥೆಯೇ ಭರಿಸುವುದು ಲೋಕರೂಢಿ. ಈ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಪ್ರಯಾಣದಿಂದ ಬೇರೊಂದು ಲಾಭ ಹುಟ್ಟಿದರೆ ಅದು ಯಾರಿಗೆ ಸೇರಬೇಕು? ನೋಡಲು ಕಿರಿದಾದ ಈ ಪ್ರಶ್ನೆಯು ಪ್ರಾಮಾಣಿಕತೆಯ ಮೂಲವನ್ನೇ ಮುಟ್ಟುತ್ತದೆ.

1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಎಂಬ ವಿಮಾನ ಸಂಸ್ಥೆಯು ತನ್ನಲ್ಲಿ ಮತ್ತೆ ಮತ್ತೆ ಪ್ರಯಾಣ ಮಾಡುವವರಿಗೆ, ಅವರು ಕ್ರಮಿಸಿದ ದೂರಕ್ಕೆ ತಕ್ಕಂತೆ ಮೈಲಿ ಅಂಕಗಳನ್ನು ನೀಡುವ ಯೋಜನೆಯನ್ನು ಆರಂಭಿಸಿತು. ಇತರ ವಿಮಾನ ಸಂಸ್ಥೆಗಳೂ ಅದೇ ಹಾದಿಯನ್ನು ಹಿಡಿದವು. ಹನಿಗೂಡಿ ಹಳ್ಳವಾಗುವಂತೆ ಈ ಅಂಕಗಳು ಕೂಡಿ ಒಂದು ಉಚಿತ ಟಿಕೆಟ್ ಆಗುತ್ತವೆ. ಟಿಕೆಟ್ಟಿನ ಹಣವನ್ನು ಕೊಡುವುದು ಕಚೇರಿ. ಅಂಕಗಳು ಸೇರುವುದು ಮಾತ್ರ ಪ್ರಯಾಣಿಕನ ಹೆಸರಿಗೆ. ತೊಡಕು ಹುಟ್ಟುವುದು ಇಲ್ಲಿಯೇ.

ಪ್ರಯಾಣದ ದಣಿವನ್ನು ಅನುಭವಿಸಿದವನು ತಾನು, ಹೆಂಡತಿ ಮಕ್ಕಳನ್ನು ಬಿಟ್ಟು ಹೋದವನು ತಾನು. ಬಳಸದಿದ್ದರೆ ವ್ಯರ್ಥವಾಗುವ ಅಂಕಗಳನ್ನು ತಾನು ಬಳಸಿಕೊಂಡರೆ ಯಾರಿಗೇನು ನಷ್ಟ ಎಂದು ನೌಕರನು ಕೇಳಬಹುದು. ಈ ಮಾತಿನಲ್ಲಿಯೂ ಹುರುಳುಂಟು. ಆದರೆ ಅವನ ದುಡಿಮೆಗೆ ಪ್ರತಿಫಲವಾಗಿ ಸಂಬಳವಿದೆ, ಭತ್ಯೆಯಿದೆ. ಅಲ್ಲದೆ ಅಂಕಗಳ ಆಸೆಯು ಒಮ್ಮೆ ಮನಸ್ಸನ್ನು ಹೊಕ್ಕರೆ, ಅಗ್ಗದ ವಿಮಾನವನ್ನು ಬಿಟ್ಟು ಅಂಕ ಕೊಡುವ ದುಬಾರಿ ವಿಮಾನವನ್ನು ಆರಿಸುವ, ಪತ್ರದಲ್ಲಿಯೇ ಮುಗಿಯಬಹುದಾದ ಕೆಲಸಕ್ಕೂ ಪಯಣ ಹೊರಡುವ ಚಪಲ ಹುಟ್ಟುತ್ತದೆ. ಆಗ ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆ ದಿಟವಾಗುತ್ತದೆ.

ಭಾರತ ಸರ್ಕಾರದ ಹಣಕಾಸು ಸಚಿವಾಲಯವು 2017ರ ಪ್ರಯಾಣಭತ್ಯೆಯ ಆದೇಶದಲ್ಲಿ, ಸರ್ಕಾರಿ ಪ್ರಯಾಣದಿಂದ ಬಂದ ಅಂಕಗಳನ್ನು ಇಲಾಖೆಯ ಪ್ರಯಾಣಗಳಿಗೇ ಬಳಸಬೇಕೆಂದೂ, ಸ್ವಂತಕ್ಕೆ ಬಳಸಿದವರು ಇಲಾಖೆಯ ಶಿಸ್ತುಕ್ರಮಕ್ಕೆ ಗುರಿಯಾಗುವರೆಂದೂ ವಿಧಿಸಿತು. ಅಮೆರಿಕದ ಸರ್ಕಾರವಾದರೋ 2001ರಲ್ಲಿ ಕಾನೂನು ಮಾಡಿ, ಸರ್ಕಾರಕ್ಕೆ ಹೆಚ್ಚಿನ ಖರ್ಚು ತಗಲದಿದ್ದರೆ ಅಂಕಗಳನ್ನು ನೌಕರನೇ ಇಟ್ಟುಕೊಳ್ಳಬಹುದೆಂದು ಅನುಮತಿಯಿತ್ತಿತು. ಎರಡು ನಿಯಮಗಳೂ ಪರಸ್ಪರ ವಿರುದ್ಧವಾಗಿ ತೋರಿದರೂ ಅವುಗಳ ತಿರುಳು ಒಂದೇ: ಹಣ ತೆತ್ತವನೇ ತೀರ್ಮಾನಿಸಬೇಕು. ಕೊಟ್ಟುದನ್ನು ಪಡೆಯುವುದು ತಪ್ಪಲ್ಲ. ಕೊಡುವ ಮೊದಲೇ ತನ್ನದೆಂದುಕೊಳ್ಳುವುದು ತಪ್ಪು.

ಜರ್ಮನಿಯ ಗ್ರೆಗೋರ್ ಗೀಸಿ ಅವರು ಬರ್ಲಿನ್ ರಾಜ್ಯದ ಸಚಿವರಾಗಿದ್ದರು. ಹಿಂದೆ ಸಂಸತ್ ಸದಸ್ಯರಾಗಿ ಮಾಡಿದ ಪ್ರಯಾಣಗಳ ಅಂಕಗಳನ್ನು ಅವರು ಸ್ವಂತ ಪ್ರಯಾಣಕ್ಕೆ ಬಳಸಿದ್ದ ಸಂಗತಿ 2002ರಲ್ಲಿ ಬಯಲಾಯಿತು. ಅವರು ತಪ್ಪನ್ನು ಒಪ್ಪಿಕೊಂಡು ಪದವಿಯನ್ನೇ ತ್ಯಜಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂದು ಹಿರಿಯರು ಹೇಳಿದ್ದು ಸುಮ್ಮನೆಯಲ್ಲ.

ತನ್ನ ನಡತೆ ಸರಿಯೆ ಎಂಬುದನ್ನು ಅರಿಯಲು ನೌಕರನು ಶಾಸ್ತ್ರಗ್ರಂಥಗಳನ್ನು ತಿರುವಿಹಾಕಬೇಕಾಗಿಲ್ಲ. ಈ ಲಾಭವನ್ನು ತಾನು ಪಡೆಯಬಹುದೆ ಎಂದು ಮೇಲಧಿಕಾರಿಯನ್ನು ಮುಂಚಿತವಾಗಿಯೇ ಬಾಯಿಬಿಟ್ಟು ಕೇಳಬಲ್ಲೆನೆ ಎಂದು ತನ್ನನ್ನೇ ಪ್ರಶ್ನಿಸಿಕೊಂಡರೆ ಸಾಕು. ಕೇಳಲು ನಾಲಗೆ ತಡವರಿಸಿದರೆ, ಅದರ ಉತ್ತರವು ಅವನ ಅಂತರಂಗಕ್ಕೆ ಆಗಲೇ ತಿಳಿದಿದೆಯೆಂದೇ ಅರ್ಥ.