ಎಡಗೈಗೆ ಬಲಗೈ ಕೋವಿ ಕೊಡುವವರಿಗೆ

"ಮೊದಲು ಬಲಗೈಯಲ್ಲಿ ಕಲೀಲಿ ಸರ್, ಆಮೇಲೆ ನೋಡೋಣ." ಮಗಳನ್ನು ಏರ್ ರೈಫಲ್ ತರಬೇತಿಗೆ ಸೇರಿಸಲು ಹೋದ ದಿನ ಕೋಚ್ ತೆಲುಗಿನಲ್ಲಿ ಹೇಳಿದ್ದರ ಕನ್ನಡ ಇಷ್ಟೇ. ಅವಳಿಗೆ 13 ವರ್ಷ. ಬರೆಯುವುದು, ಹಲ್ಲುಜ್ಜುವುದು, ಚೆಂಡೆಸೆಯುವುದು ಎಲ್ಲ ಎಡಗೈಯಲ್ಲಿ. ಗುರಿ ಹಿಡಿಯುವ ಕಣ್ಣೂ ಎಡದ್ದೇ. ಅಲ್ಲಿ ಸಾಲಾಗಿ ನಿಲ್ಲಿಸಿದ್ದ ರೈಫಲ್‌ಗಳೆಲ್ಲ ಬಲಗೈಯವರಿಗೆ ಮಾಡಿದವು. ಮೂರು ತಿಂಗಳು ಹೋದಳು. ಕುತ್ತಿಗೆ ನೋವು ಬಂತು, ಅಂಕ ಬರಲಿಲ್ಲ. ನಾಲ್ಕನೇ ತಿಂಗಳು, "ನಂಗೆ ಇದು ಬರಲ್ಲಪ್ಪ" ಅಂದಳು.

ಬಾರದೇ ಇದ್ದದ್ದು ಅವಳಿಗಲ್ಲ, ಆ ರೈಫಲ್ಲಿಗೆ. ಇದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಸೋಮವಾರಪೇಟೆಯ ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಿದರೆ ಅವರು ನಕ್ಕರು. "ನಮ್ಮ ಕಾಲದಲ್ಲಿ ಎಡ ಬಲ ಅಂತ ಇತ್ತೇನೋ? ಮನೇಲಿ ಇದ್ದದ್ದು ಒಂದೇ ಕೋವಿ, ಎಲ್ಲರೂ ಅದರಲ್ಲೇ ಕಲಿತದ್ದು." ಅವರ ಮಾತು ನಿಜ, ಆದರೆ ನನ್ನ ಮಗಳಿಗೆ ಅನ್ವಯಿಸುವುದಿಲ್ಲ. ಅವರ ಜೋಡುನಳಿಗೆ ಕೋವಿ ನಡುವೆ ಮುರಿದು ತೋಟೆ ತುಂಬುವಂಥದ್ದು. ಎಡಗೈಯವನೂ ಅದರಲ್ಲಿ ಹೇಗೋ ಸುಧಾರಿಸಿಕೊಳ್ಳಬಹುದು. ಬೋಲ್ಟ್ ರೈಫಲ್ ಹಾಗಲ್ಲ. ಅದರ ಬೋಲ್ಟ್ ಇರುವುದು ಬಲಕ್ಕೆ, ಖಾಲಿ ತೋಟೆ ಹಾರುವುದೂ ಬಲಕ್ಕೆ. ಎಡಭುಜಕ್ಕೆ ಆನಿಸಿದವನ ಮುಖ ಇರುವುದೂ ಅದೇ ಬದಿಗೆ. ಪ್ರತಿ ಈಡಿಗೂ ಅವನು ಹಿಡಿಕೆ ಬಿಟ್ಟು, ಕೈಯನ್ನು ರೈಫಲ್ ಮೇಲಿಂದ ದಾಟಿಸಬೇಕು.

ಇನ್ನು ಶಿಕಾರಿಯ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಮಕ್ಕಳಿಗೆ ಕಲಿಸುವ ವಿದ್ಯೆಯಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ಅದು ಕೋವಿ ಇಟ್ಟುಕೊಳ್ಳುವ ಹಕ್ಕು, ಬೇಟೆಯ ಹಕ್ಕಲ್ಲ. ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುರಿ ಇಡುವುದು ಬೇರೆ ಸಂಭ್ರಮ. ಇಲ್ಲಿ ಬಾಲಾನಗರದಲ್ಲಿ ಪರವಾನಗಿ ಬೇಕಾದ ಬಂದೂಕು ಕೊಳ್ಳಲು 21 ತುಂಬಬೇಕು. ಹಾಗಾಗಿ ನಮ್ಮ ಮಕ್ಕಳ ಮೊದಲ ಕೋವಿ ಎಂದರೆ 4.5 ಮಿಲಿಮೀಟರಿನ ಏರ್ ರೈಫಲ್. ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದು, ಇದೇ ಹೈದರಾಬಾದಿನ ಗಗನ್ ನಾರಂಗ್ 2012ರಲ್ಲಿ ಕಂಚು ಗೆದ್ದದ್ದು ಅದರಲ್ಲೇ.

ಆ ಆಟದಲ್ಲಿ ಗುರಿ 10 ಮೀಟರ್ ದೂರ, ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅರವತ್ತು ಹೊಡೆತಕ್ಕೂ ಮೈ ಒಂದೇ ರೀತಿ ನಿಲ್ಲಬೇಕು. ಅದಕ್ಕೆಂದೇ ಹಿಡಿಕೆಯನ್ನು ಅಂಗೈಯ ಉಬ್ಬುತಗ್ಗಿಗೆ ಕೆತ್ತಿರುತ್ತಾರೆ, ಕೆನ್ನೆ ಆನಿಸುವ ಹಲಗೆಯನ್ನು ಒಂದು ಬದಿಗೆ ಬಾಗಿಸಿರುತ್ತಾರೆ. ಬಲಗೈ ರೈಫಲನ್ನು ಎಡಭುಜಕ್ಕಿಟ್ಟರೆ ಹಿಡಿಕೆ ತಪ್ಪು, ಕೆನ್ನೆ ತಪ್ಪು. ಬಲಭುಜಕ್ಕಿಟ್ಟರೆ ಕಣ್ಣು ತಪ್ಪು, ಎಡಗಣ್ಣನ್ನು ಗುರಿಗೆ ತರಲು ಕತ್ತು ತಿರುಚಬೇಕು. ಮೂರು ತಿಂಗಳು ತಿರುಚಿದ್ದು ಮೈಗೆ ಅಭ್ಯಾಸವಾದ ಮೇಲೆ "ಆಮೇಲೆ ನೋಡೋಣ" ಅಂದರೆ ನೋಡಲು ಏನು ಉಳಿದಿರುತ್ತದೆ? ಕಲಿತದ್ದನ್ನು ಮರೆಯುವ ಕೆಲಸ.

ಕೋಚ್ ಹತ್ತಿರ ಇನ್ನೂ ಎರಡು ಕಾರಣಗಳಿದ್ದವು. ಎಡಗೈಯವಳು ಸಾಲಿನಲ್ಲಿ ನಿಂತರೆ ಪಕ್ಕದವನ ಮುಖಕ್ಕೆ ಮುಖ ಬರುತ್ತದೆ, ಸಾಲು ಕೆಡುತ್ತದೆ. ಅವಳನ್ನು ಕೊನೆಯ ಜಾಗದಲ್ಲಿ ನಿಲ್ಲಿಸಿದರೆ ಇದು ಮುಗಿಯಿತು. ಎರಡನೆಯದು ದುಡ್ಡು. ಇದು ಸುಳ್ಳಲ್ಲ. ಹೊರದೇಶದಿಂದ ಬರುವ ಸ್ಪರ್ಧೆಯ ರೈಫಲ್‌ಗೆ ಲಕ್ಷದ ಲೆಕ್ಕ, ಎಡಗೈಯದನ್ನು ಮರುಮಾರಾಟಕ್ಕಿಟ್ಟರೆ ಕೊಳ್ಳುವವರು ಕಡಿಮೆ. ಆದ್ದರಿಂದಲೇ ಅದನ್ನು ಅಪ್ಪಅಮ್ಮ ಅಲ್ಲ, ಕ್ಲಬ್ ಕೊಳ್ಳಬೇಕು. ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಹತ್ತು ರೈಫಲ್ ಇಟ್ಟವರು ಒಂದನ್ನು ಎಡಗೈಗೆ ಇಡಲಿ. ಆಗದಿದ್ದರೆ ಎರಡೂ ಕೈಗೆ ಒಗ್ಗುವ ಹಿಡಿಕೆಯದ್ದಾದರೂ ತರಲಿ.

ನಾನು ಬಾಲಾನಗರದಲ್ಲಿ ಟೂಲ್ ರೂಮಿನವನು. ಎಚ್‌ಎಎಲ್, ಟೂಲ್ ಡಿಸೈನ್ ಸಂಸ್ಥೆ, ಗಲ್ಲಿಗಲ್ಲಿಗೂ ಲೇತ್ ಇರುವ ಊರು ಇದು. ಇಲ್ಲಿ ಹೊಸದಾಗಿ ಸೇರಿದ ಹುಡುಗನಿಗೂ ಗೊತ್ತು, ಜಾಬ್‌ಗೆ ತಕ್ಕ ಹಾಗೆ ಫಿಕ್ಸ್ಚರ್ ಮಾಡಬೇಕು. ಫಿಕ್ಸ್ಚರಿಗೆ ಹೊಂದಲಿಲ್ಲ ಅಂತ ಜಾಬನ್ನು ಬಗ್ಗಿಸಿದವನನ್ನು ಆವತ್ತೇ ಹೊರಗೆ ಹಾಕುತ್ತಾರೆ. ಕಬ್ಬಿಣಕ್ಕೆ ತೋರಿಸುವ ಮರ್ಯಾದೆಯನ್ನು ಮಗುವಿಗೆ ತೋರಿಸಲಾರೆವೇ?

ಮಕ್ಕಳನ್ನು ಸೇರಿಸಹೊರಟ ಗೆಳೆಯರೇ, ದುಡ್ಡು ಕಟ್ಟುವ ಮೊದಲು ಇಷ್ಟು ಮಾಡಿ. ಎರಡೂ ತೋಳು ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ದೂರದ ಸ್ವಿಚ್ ನೋಡಲು ಹೇಳಿ. ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಿದ್ದಾಗ ಸ್ವಿಚ್ ಕಾಣುತ್ತದೋ ಅದೇ ಗುರಿಯ ಕಣ್ಣು. ಬಲಗೈಯಲ್ಲಿ ಬರೆಯುವ ಕೆಲವು ಮಕ್ಕಳಿಗೂ ಅದು ಎಡಗಣ್ಣಾಗಿರುತ್ತದೆ. ಕೈ ಒಂದು ಕಡೆ, ಕಣ್ಣು ಒಂದು ಕಡೆ ಆದರೆ ಎರಡೂ ಭುಜಕ್ಕಿಟ್ಟು ನೋಡಿ ನಿರ್ಧರಿಸಿ. ಆಮೇಲೆ ರೈಫಲ್ಲಿನ ಹಿಂತುದಿಯನ್ನು ಮೊಣಕೈ ಮಡಿಕೆಗೆ ಆನಿಸಿ, ಬೆರಳು ಸಲೀಸಾಗಿ ಟ್ರಿಗರ್ ಮುಟ್ಟುತ್ತದೆಯೇ ನೋಡಿ. ಮುಟ್ಟದಿದ್ದರೆ ಉದ್ದ ತಗ್ಗಿಸಬೇಕು. ಸ್ಪರ್ಧೆಯ ರೈಫಲ್ ಐದೂವರೆ ಕಿಲೋವರೆಗೂ ಇರಬಹುದು, ಆರಂಭದಲ್ಲಿ ಸ್ಟ್ಯಾಂಡಿನ ಆಸರೆ ಕೇಳಿ. ಕ್ಲಬ್ಬಿನಲ್ಲಿ ಎಡಗೈ ರೈಫಲ್ ಇದೆಯೇ ಅನ್ನುವುದನ್ನು ಮಾತ್ರ ಎಲ್ಲಕ್ಕಿಂತ ಮೊದಲು ಕೇಳಿ.

ನಮ್ಮ ನುಡಿಯೇ ಸ್ವಲ್ಪ ಪಕ್ಷಪಾತಿ. ಬಲ ಅಂದರೆ ದಿಕ್ಕೂ ಹೌದು, ಶಕ್ತಿಯೂ ಹೌದು. ಕೆಲಸ ಕೆಟ್ಟರೆ ಎಡವಟ್ಟು. ಆದರೆ ಅರ್ಜುನ ಎಡಗೈಯಲ್ಲೂ ಬಾಣ ಬಿಡುತ್ತಿದ್ದನೆಂದು ಸವ್ಯಸಾಚಿ ಅಂತ ಕೊಂಡಾಡಿದವರೂ ನಾವೇ. ಪುರಾಣದಲ್ಲಿ ಬಿರುದು, ಮನೆಯಲ್ಲಿ ಗದರಿಕೆ.

ಊರು ಬಿಟ್ಟು ಬಂದ ನಮಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುವುದರ ಭಾರ ಗೊತ್ತು. ಬಾಡಿಗೆ ಮನೆಯಲ್ಲಿ, ಆಫೀಸಿನಲ್ಲಿ, ಮಕ್ಕಳ ಶಾಲೆಯ ಭಾಷಾ ಪಾಠದಲ್ಲಿ ಕೇಳಿದ್ದೇವೆ. ಅಡ್ಜಸ್ಟ್ ಆಗಬೇಕಾದವರು ಯಾವಾಗಲೂ ಕಡಿಮೆ ಸಂಖ್ಯೆಯವರೇ. ಅದೇ ಮಾತನ್ನು ನಮ್ಮ ಮಕ್ಕಳಿಗೆ ನಾವೇ ಹೇಳುವುದು ಬೇಡ.

ಮಗಳು ಈಗ ಹೋಗುತ್ತಿಲ್ಲ. ಅವಳಿಗೆ ಸರಿಯಾದ ರೈಫಲ್ ಇರುವ ಕ್ಲಬ್ಬನ್ನು ಹುಡುಕುತ್ತಿದ್ದೇನೆ. ಸಿಕ್ಕ ದಿನ ಅವಳನ್ನು ಒತ್ತಾಯಿಸುವುದಿಲ್ಲ, ಒಮ್ಮೆ ಹಿಡಿದು ನೋಡು ಅನ್ನುತ್ತೇನೆ. ಆಮೇಲೂ ಬೇಡ ಅಂದರೆ ಬೇಡ. ಆದರೆ ಆ "ಬರಲ್ಲ" ಅನ್ನುವ ತೀರ್ಪನ್ನು ಬಲಗೈ ರೈಫಲ್ ಬರೆಯಬಾರದು.