ಜ್ವರದ ಮದ್ದೂ ಕಣ್ಣಿನ ಕೆಂಪೂ

ಸೊರಬ, ಶಿಕಾರಿಪುರ ಸೀಮೆಯ ಗೃಹಸ್ಥರಿಗೆ ಮಂಗನ ಕಾಯಿಲೆಯ ಹೆಸರು ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಈ ರೋಗವು ಲೋಕಕ್ಕೆ ತಿಳಿದುಬಂದು, ಆ ಕಾಡಿನ ಹೆಸರನ್ನೇ ಪಡೆಯಿತು. ಉಣುಗಿನ ಕಡಿತದಿಂದ ಇದರ ವೈರಸು ಮನುಷ್ಯನ ಮೈಯನ್ನು ಸೇರುವುದು. ಜ್ವರ, ತಲೆನೋವು, ಮೈಕೈನೋವುಗಳೊಡನೆ ಕಣ್ಣು ಕೆಂಪಾಗುವುದುಂಟು. ಕೆಲವರಿಗೆ ಬಿಟ್ಟ ಜ್ವರವು ಒಂದೆರಡು ವಾರಗಳ ಮೇಲೆ ಮರಳಿ ಬಂದು ದೃಷ್ಟಿಯೂ ಮಸುಕಾಗುವುದು.

ಮೂಲರೋಗದ ಬೆನ್ನಿಗೆ ಹುಟ್ಟುವ ಪೀಡೆಯನ್ನು ಆಯುರ್ವೇದದವರು ಉಪದ್ರವವೆಂದು ಕರೆದರು. ಮದ್ದಿನಿಂದಲೇ ಹುಟ್ಟುವ ಪೀಡೆಯು ಬೇರೊಂದು. ಇವೆರಡನ್ನೂ ವಿಂಗಡಿಸಿ ತಿಳಿಯುವುದು ಅವಶ್ಯವೆಂದು ನಾವು ಹೇಳುವೆವು.

ವೈರಸಿನ ಮೇಲೆ ಪ್ರಯೋಗಿಸುವ ಮದ್ದುಗಳಲ್ಲಿ ಕೆಲವು ಕಣ್ಣನ್ನು ಮುಟ್ಟುವುವು. ಏಡ್ಸ್ ರೋಗಿಗಳ ಅಕ್ಷಿಪಟಲವನ್ನು ಉಳಿಸಲೆಂದು ಬಂದ ಸಿಡೋಫೋವಿರ್ ಎಂಬ ಮದ್ದೇ ಕೆಲವರಲ್ಲಿ ಕಣ್ಣಿನೊಳಗೆ ಉರಿಯೂತವನ್ನು ತಂದಿತು. ಕೋವಿಡಿಗಾಗಿ ಫೇವಿಪಿರಾವಿರ್ ಕೊಡಲ್ಪಟ್ಟ ಥೈಲಾಂಡಿನ ಶಿಶುವೊಂದರ ಕಣ್ಣುಗಳು ನೀಲಿಯಾದುವೆಂದು 2023ರಲ್ಲಿ ವೈದ್ಯಪತ್ರಿಕೆಯು ಪ್ರಕಟಿಸಿತು. ಮದ್ದನ್ನು ನಿಲ್ಲಿಸಿದ ಬಳಿಕ ಬಣ್ಣವು ತಿಳಿಯಾಯಿತು. ಹರ್ಪಿಸ್ ವೈರಸಿನಿಂದಾದ ಕಣ್ಣಿನ ಹುಣ್ಣಿಗೆ ಹಚ್ಚುವ ಎಸೈಕ್ಲೋವಿರ್ ಮುಲಾಮು ಸ್ವಲ್ಪಹೊತ್ತು ಚುರುಗುಟ್ಟಿಸುವುದು. ಇಷ್ಟಕ್ಕೆ ಹೆದರಿ ವೈದ್ಯರು ಬರೆದುಕೊಟ್ಟ ಮದ್ದನ್ನು ತಾವಾಗಿ ಬಿಡತಕ್ಕದ್ದಲ್ಲ, ಅವರಿಗೆ ತಿಳಿಸಬೇಕು.

ಮಂಗನ ಕಾಯಿಲೆಯ ವೈರಸಿಗೆ ಸಿದ್ಧವಾದ ವಿಶೇಷ ಮದ್ದು ಇನ್ನೂ ಇಲ್ಲ. ನೀರಿನ ಅಂಶವನ್ನು ಕಾಪಾಡಿ, ರಕ್ತಸ್ರಾವವಾಗದಂತೆ ಎಚ್ಚರವಹಿಸುವುದೇ ಚಿಕಿತ್ಸೆಯ ಸಾರ. ಹೀಗಿರುತ್ತ, ಕೋವಿಡಿನ ಕಾಲದಲ್ಲಿ ಕೊಂಡು ಪೆಟ್ಟಿಗೆಯಲ್ಲಿಟ್ಟ ಗುಳಿಗೆಗಳನ್ನು ಜ್ವರ ಬಂದವರಿಗೆ ನುಂಗಿಸುವುದರಿಂದ ಪ್ರಯೋಜನವಿಲ್ಲ. ಕಣ್ಣು ಕೆಟ್ಟರೆ ಅದು ರೋಗದ ಕೆಲಸವೋ ಗುಳಿಗೆಯ ಕೆಲಸವೋ ಎಂದು ವೈದ್ಯರಿಗೂ ಸಂದೇಹವಾಗುವುದು. ಅಂಗಡಿಯಿಂದ ತಂದ ಸ್ಟೀರಾಯ್ಡ್ ಹನಿಗಳನ್ನು ಕೆಂಪುಗಣ್ಣಿಗೆ ಬಿಡುವುದು ಇನ್ನೂ ಅಪಾಯಕರ. ಒಳಗೆ ಹರ್ಪಿಸ್ ಹುಣ್ಣಿದ್ದರೆ ಅದು ಹರಡಿ ದೃಷ್ಟಿಯನ್ನೇ ಕಳೆಯಬಹುದು.

ಆದುದರಿಂದ ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ಸೌದೆಗೋ ಸೊಪ್ಪಿಗೋ ಕಾಡಿಗೆ ಹೋಗಿಬಂದವರಿಗೆ ಜ್ವರವೂ ಕಣ್ಣುಗೆಂಪೂ ಕಾಣಿಸಿದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಡಿಗೆ ಹೋದ ದಿನವನ್ನು ಹೇಳಿರಿ. ರೋಗಿಯು ನುಂಗಿದ ಗುಳಿಗೆಗಳ ಪಟ್ಟಿಯನ್ನೂ, ಕಣ್ಣಿಗೆ ಬಿಟ್ಟ ಹನಿಯ ಶೀಶೆಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ.